ಭೂತಯ್ಯನ ಹೆಣಕ್ಕೆ ಹೆಗಲು ಕೊಡುವವರು ಯಾರು?

ಹೋದ ಸಲದ ಅಂಕಣದಲ್ಲಿ ಮಾತಿಗೆ ಮಾತು ಬಂದು ಒಂದು ಸಾಲು ಬರೆದಿದ್ದೆ. ತಿಂಗಳಿಗೊಂದು ಭಾನುವಾರ ಸಂಜೆ ರೋಣದ ನಮ್ಮ ಮನೆಯಲ್ಲಿ ಹತ್ತು ಹನ್ನೆರಡು ಮಂದಿ ಸೇರಿ ಒಂದು ಹಳೇ ಸಿನಿಮಾ ನೋಡುತ್ತೇವೆ, ಆಮೇಲೆ ಸತ್ಯವೇದ ತೆರೆದು ಕೂಡುತ್ತೇವೆ ಅಂತ. ಅಷ್ಟಕ್ಕೇ ನೀವು ಇಷ್ಟೊಂದು ಪತ್ರ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ನರಗುಂದದ ಓದುಗರೊಬ್ಬರು ನೇರವಾಗಿಯೇ ಕೇಳಿದ್ದಾರೆ: "ಅಕ್ಕಾರ, ನೀವು ಚರ್ಚಿಗೆ ನಡಕೊಳ್ಳೋ ಮಂದಿ. ರಾಜಕುಮಾರನ ಸಿನಿಮಾದಾಗ ಯೇಸುಸ್ವಾಮಿನ್ನ ಹುಡುಕೂದು ಅಂದ್ರ ಅದು ಅವರಿಗೂ ಅವಮಾನ, ಇವರಿಗೂ ಅವಮಾನ ಅಲ್ಲೇನ್ರಿ?"

ಪ್ರಶ್ನೆ ಸರಿಯಾಗಿಯೇ ಇದೆ. ಹಾರಿಸಿ ಬಿಡುವಂಥದ್ದಲ್ಲ.

ನಮ್ಮ ಮಾವನವರು ಇದ್ದಿದ್ದರೆ ಆ ಓದುಗರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದರು. ಅವರ ಕಾಲದಲ್ಲಿ ಸಭೆಯ ಹಿರಿಯರು ಟಾಕೀಸಿನ ಮುಂದೆ ಹಾದು ಹೋಗುವಾಗ ಮುಖ ಆಚೆ ತಿರುಗಿಸಿಕೊಂಡು ಹೋಗುತ್ತಿದ್ದರಂತೆ. ಆದರೆ ಊರಲ್ಲಿ ದೊಡ್ಡಾಟ ಇದ್ದರೆ ಕಂಬಳಿ ಹೊದ್ದು ಬೆಳತನಕ ಕೂತು ನೋಡಿ ಬರುತ್ತಿದ್ದರು. "ಅದ್ಯಾಕ್ರಿ ಮಾವಾರ, ಅದೂ ವೇಷಾನ ಅಲ್ಲೇನು?" ಅಂತ ಕೇಳಿದರೆ, "ಆಟ ಬ್ಯಾರೆ, ಸಿನಿಮಾ ಬ್ಯಾರೆ" ಅಂದು ಮಾತು ಮುಗಿಸುತ್ತಿದ್ದರು. ಅವರು ಮೆಚ್ಚಿ ನೋಡಿದ ಸಿನಿಮಾ ಅಂದರೆ ಒಂದೇ, ತೆಲುಗಿನ 'ಕರುಣಾಮಯುಡು'. 1978ರದು, ಎ. ಭೀಮಸಿಂಗ್ ನಿರ್ದೇಶನ, ವಿಜಯಚಂದರ್ ಯೇಸುವಿನ ಪಾತ್ರದಲ್ಲಿ. ಬೇರೆ ಬೇರೆ ಭಾಷೆಗಳಿಗೆ ಡಬ್ ಆಗಿ ಹಳ್ಳಿಹಳ್ಳಿಗೆ ಹೋಗಿ ಬಿಳೀ ಬಟ್ಟೆಯ ಪರದೆ ಮೇಲೆ ಓಡಿದ ಸಿನಿಮಾ ಅದು. ಮರುವರ್ಷ ಬಂದ ಇಂಗ್ಲಿಷಿನ 'ಜೀಸಸ್' ಲೂಕನ ಸುವಾರ್ತೆಯನ್ನೇ ಹಿಡಿದು ಮಾಡಿದ್ದು. ಅದು ಕನ್ನಡವೂ ಸೇರಿ ಸಾವಿರಕ್ಕೂ ಹೆಚ್ಚು ಭಾಷೆಗಳಿಗೆ ಡಬ್ ಆಗಿದೆ. ಇವುಗಳಿಗೆ ಯಾರದೂ ತಕರಾರಿಲ್ಲ. ಯೇಸುವಿನ ಕತೆಯ ಸಿನಿಮಾದಲ್ಲಿ ಯೇಸು ಸಿಕ್ಕರೆ ಅದರಲ್ಲಿ ವಿಶೇಷವೇನು? ತಕರಾರು ಇರುವುದು ಉಳಿದ ಸಿನಿಮಾಗಳ ಬಗ್ಗೆ.

ಅದಕ್ಕೆ ಉತ್ತರ ಹುಡುಕಲು ನಾವು ಬಹಳ ದೂರ ಹೋಗಬೇಕಾಗಿಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ನಮ್ಮ ಬೆಟಗೇರಿ. ನಿಘಂಟಿನ ಕಿಟೆಲ್ ಸಾಹೇಬರನ್ನು ಎಲ್ಲರೂ ಬಲ್ಲರು. 1853ರಲ್ಲಿ ಈ ದೇಶಕ್ಕೆ ಬಂದವರು, 1894ರಲ್ಲಿ ನಿಘಂಟು ಕೊಟ್ಟವರು. ಅದೇ ಕಿಟೆಲ್ 1862ರಲ್ಲಿ 'ಕಥಾಮಾಲೆ' ಅಂತ ಒಂದು ಪುಸ್ತಕ ಮಾಡಿದರು, ಕ್ರಿಸ್ತನ ಕತೆಯನ್ನು ಈ ನಾಡಿನ ಮಂದಿ ಹಾಡುವ ಧಾಟಿಯಲ್ಲೇ ಹೇಳುವ ಪುಸ್ತಕ. ಜರ್ಮನಿಯಿಂದ ಬಂದವರಿಗೆ ಅನಿಸಿದ್ದು ಇಷ್ಟೇ ಇರಬೇಕು: ಈ ಮಂದಿ ಕತೆ ಕೇಳುವ ರೀತಿ ಒಂದಿದೆ, ನನ್ನ ಕತೆಯೂ ಆ ಬಾಗಿಲಿನಿಂದಲೇ ಒಳಗೆ ಹೋಗಬೇಕು. ಈಗ ನಮ್ಮ ಮಂದಿ ಕತೆ ಕೇಳುವುದು ಸಿನಿಮಾದಲ್ಲಿ. ನಾನು ಮಾಡುವುದು ಕಿಟೆಲ್ಲರ ಕೆಲಸವಲ್ಲ, ಅಷ್ಟು ದೊಡ್ಡ ಮಾತು ಬೇಡ. ಅವರು ಕ್ರಿಸ್ತನ ಕತೆಯನ್ನು ನಮ್ಮ ಹಾಡಿನ ಒಳಗೆ ತಂದರು. ನಾವು ನಮ್ಮ ಕತೆ ನೋಡಿ ಎದ್ದು, ಕ್ರಿಸ್ತ ಹೇಳಿದ್ದೇನು ಅಂತ ಪುಸ್ತಕ ತೆರೆಯುತ್ತೇವೆ.

ಸಿನಿಮಾದವರು ಮಾತ್ರ ನಮ್ಮನ್ನು ನೋಡಿದ ರೀತಿ ನನಗೆ ಎಂದೂ ಸೇರಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕನ್ನಡ ಸಿನಿಮಾದ ಕ್ರಿಶ್ಚಿಯನ್ ಅಂದರೆ ಗಿಡ್ಡ ಲಂಗ, ಅರ್ಧ ಇಂಗ್ಲಿಷು, ಇಲ್ಲದಿದ್ದರೆ ಕೈಯಲ್ಲಿ ಬಾಟಲಿ. ಬೆಟಗೇರಿಯ ನೇಕಾರ ಮನೆತನದ ನಮ್ಮ ಅವ್ವಂದಿರು ಇಳಕಲ್ ಸೀರೆ ಉಟ್ಟು, ಜೋಳದ ರೊಟ್ಟಿ ಬಡಿದು, ಭಾನುವಾರ ಕೀರ್ತನೆ ಪುಸ್ತಕ ಹಿಡಿದು ಹೋಗುವುದನ್ನು ಯಾವ ಕ್ಯಾಮರಾವೂ ನೋಡಿದ ಹಾಗಿಲ್ಲ. ಇದ್ದುದರಲ್ಲಿ ಮನಸ್ಸಿಗೆ ಹತ್ತಿದವಳು ಒಬ್ಬಳೇ, 'ನಾಗರಹಾವು' ಸಿನಿಮಾದ ಮಾರ್ಗರೆಟ್. 1972ರದು, ತ.ರಾ.ಸು. ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ. ಎಲ್ಲರೂ ಕೈಬಿಟ್ಟ ಹುಡುಗನ ಬೆನ್ನು ಹತ್ತಿ ಹೋಗುವ ಚಾಮಯ್ಯ ಮೇಷ್ಟ್ರನ್ನು ನೋಡಿದಾಗ ನಮ್ಮ ಗುಂಪಿನ ಹುಡುಗರು, "ಆಂಟಿ, ಇದು ಕಳಕೊಂಡ ಕುರಿ ಸಾಮ್ಯ ಅಲ್ರೀ" ಅಂದರು. ಗಜೇಂದ್ರಗಡ ನನ್ನ ತವರು. ಸುಗ್ಗಿ ಮುಗಿದ ಮೇಲೆ ಆ ಕಡೆ ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ. ಒಂದು ಮರಿ ಕಾಣದಿದ್ದರೆ ಕುರುಬಣ್ಣ ಕತ್ತಲಲ್ಲಿ ಕೂಗಿಕೊಂಡು ಹೋಗುವುದನ್ನು ನಾನು ಕೇಳಿದ್ದೇನೆ. ಹಾಗಾಗಿ ಹುಡುಗರ ಮಾತು ಹೌದು ಅನಿಸಿತು. ಆದರೆ ಮೇಷ್ಟ್ರು ಒಂದು ಕಡೆ ನಿಂತುಬಿಡುತ್ತಾರೆ. ಕಳೆದ ಕುರಿ ಇನ್ನೊಂದು ಹಿಂಡಿನ ಮರಿಯ ಜೊತೆ ಬಂದು ನಿಂತಾಗ ಅವರ ಕೈ ಮುಂದೆ ಚಾಚುವುದಿಲ್ಲ. ಈ ಹಟ್ಟಿಗೆ ಸೇರದ ಬೇರೆ ಕುರಿಗಳೂ ತನಗಿವೆ ಅಂತ ಯೋಹಾನನ ಹತ್ತನೇ ಅಧ್ಯಾಯದಲ್ಲಿ ಯೇಸು ಹೇಳುವ ಮಾತು ಮೇಷ್ಟ್ರಿಗೆ ಆಗಲಿಲ್ಲ. ಕುರುಬಣ್ಣನ ಹಿಂಡಿನಲ್ಲಿ ಪರರ ಮರಿ ಸೇರಿಕೊಂಡರೆ ಅವನಾದರೂ ಹಾಲು ಕುಡಿಸಿಯೇ ಒಡೆಯನಿಗೆ ಒಪ್ಪಿಸುತ್ತಾನೆ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಅದು 'ಭೂತಯ್ಯನ ಮಗ ಅಯ್ಯು'.

1974ರ ಸಿನಿಮಾ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕತೆ, ಸಿದ್ಧಲಿಂಗಯ್ಯನವರ ನಿರ್ದೇಶನ. ಭೂತಯ್ಯ ಊರಿಗೇ ಸಾಲ ಕೊಟ್ಟು ಊರನ್ನೇ ಹಿಂಡಿದವನು, ಎಂ.ಪಿ. ಶಂಕರ್ ಮಾಡಿದ್ದು. ಮಗ ಅಯ್ಯು ಲೋಕೇಶ್, ಅವನ ಎದುರಾಳಿ ಗುಳ್ಳ ವಿಷ್ಣುವರ್ಧನ್. ಹಗೆ ಅಪ್ಪನ ಕಾಲದ್ದು, ಮಗನ ಕಾಲಕ್ಕೆ ಕೋರ್ಟು ಮೆಟ್ಟಿಲು ಹತ್ತುತ್ತದೆ. ಲೋಕನಾಥರ ಉಪ್ಪಿನಕಾಯಿ ದೃಶ್ಯ ನೆನಪಿರುವವರು ಬಹಳ ಮಂದಿ, ಇರಲಿ, ನನಗೂ ನಗು ಬರುತ್ತದೆ. ಆದರೆ ನನ್ನ ಎದೆಯಲ್ಲಿ ಕೂತಿರುವುದು ಬೇರೆ ದೃಶ್ಯ. ಭೂತಯ್ಯ ಸಾಯುತ್ತಾನೆ. ಹೆಣ ಎತ್ತಲಿಕ್ಕೆ ಊರವರು ಬರುವುದಿಲ್ಲ.

ಇದನ್ನು ನೋಡುವ ಮುಂಚೆ ಯಾವ ವಾಕ್ಯ ಓದಬೇಕು ಅಂತ ನಾನು ಯೋಚಿಸಿ ಇಟ್ಟಿದ್ದೆ, ಮತ್ತಾಯನ ಹದಿನೆಂಟನೇ ಅಧ್ಯಾಯ. ರಾಜನಿಗೆ ಹತ್ತು ಸಾವಿರ ತಲಾಂತು ಸಾಲಗಾರನಾದ ಆಳು ಬಿಡುಗಡೆ ಪಡೆದು ಹೊರಗೆ ಬಂದು, ತನಗೆ ನೂರು ದೇನಾರಿ ಕೊಡಬೇಕಾದವನ ಕುತ್ತಿಗೆ ಹಿಡಿಯುವ ಕತೆ. ಆ ಲೆಕ್ಕ ನಮ್ಮ ಮಂದಿಗೆ ತಿಳಿಯುವ ಹಾಗೆ ಹೇಳಬೇಕು. ಒಂದು ದೇನಾರಿ ಅಂದರೆ ಒಬ್ಬ ಆಳಿನ ಒಂದು ದಿನದ ಕೂಲಿ. ಒಂದು ತಲಾಂತು ಅಂದರೆ ಹೆಚ್ಚುಕಡಿಮೆ 6000 ದೇನಾರಿ. ಹಾಗಾದರೆ ಹತ್ತು ಸಾವಿರ ತಲಾಂತು ಎಷ್ಟಾಯಿತು? 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ 2 ಲಕ್ಷ ವರ್ಷ ಬೇಕು. ಆ ಕಡೆ ನೂರು ದಿನದ ಕೂಲಿ, ಒಂದು ಸುಗ್ಗಿಯ ದುಡಿಮೆ. ಇನ್ನೊಂದು ಸಂಗತಿಯೂ ಇದೆ. ನಾವು ಕಲಿತ ಪ್ರಭುವಿನ ಪ್ರಾರ್ಥನೆಯಲ್ಲಿ ತಪ್ಪು ಕ್ಷಮಿಸುವ ಮಾತು ಬರುತ್ತದಲ್ಲ, ಮತ್ತಾಯನ ಮೂಲ ಗ್ರೀಕಿನಲ್ಲಿ ಆ ಜಾಗದಲ್ಲಿರುವ ಶಬ್ದದ ಅರ್ಥ ಸಾಲ ಅಂತ. ಸಾಲ ಅಂದರೆ ಏನು ಅಂತ ನರಗುಂದದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1980ರ ಜುಲೈ 21ರಂದು ನೀರಿನ ಕರದ ವಿರುದ್ಧ ಎದ್ದು ಗುಂಡು ತಿಂದ ಮಣ್ಣು ಅದು. ಹಾಗಾಗಿ ಭೂತಯ್ಯನ ಕತೆ ನಮ್ಮ ಸೀಮೆಯಲ್ಲಿ ಬರೀ ಕತೆಯಲ್ಲ.

ಆ ಸಲ ಕ್ರಿಸ್ಮಸ್ ರಜೆ. ಮನೆ ತುಂಬ ಮಂದಿ. ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವನವರು, ಬಂದಿದ್ದರು. ಮೈದುನನೂ ಬಂದಿದ್ದ. ಅವರಿಬ್ಬರೂ ಮಾತು ಬಿಟ್ಟು ಆಗಲೇ ಬಹಳ ವರ್ಷ. ಹೊಳೆಆಲೂರ ಕಡೆ ಹೊಳೆದಂಡೆಯ ಹೊಲ, ನಡುವಿನ ಬದು ಯಾರ ಕಡೆ ಎಷ್ಟು ಸರಿದಿದೆ ಅನ್ನುವ ಜಗಳ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ, ಎರಡು ಮೊಳ ಜಾಗ. ಆದರೆ ಹೊಲ ಇದ್ದವರಿಗೆ ಗೊತ್ತು, ಬದುವಿನ ಜಗಳ ಬದುವಿನಷ್ಟೇ ಇರುವುದಿಲ್ಲ. ಮಾವನವರು ತೀರಿಕೊಂಡ ದಿನ ಪೆಟ್ಟಿಗೆ ಎತ್ತುವಾಗ ಮೈದುನ ಮುಂದೆ ಬಂದು ಕೈ ಹಚ್ಚಿದ. ಭಾವನವರು "ನೀ ಮುಟ್ಟಬ್ಯಾಡ" ಅಂದರು. ಜೋರಾಗಿ ಅಲ್ಲ, ಮೆಲ್ಲಗೆ. ಅವನು ಹಿಂದೆ ಸರಿದ. ಆ ಹೆಗಲಿನ ಜಾಗಕ್ಕೆ ಪಕ್ಕದ ಹೊಲದ ಗೌಡರು ಬಂದು ನಿಂತರು, ವಿಭೂತಿ ಹಚ್ಚಿಕೊಂಡವರು, ಗೋರಿ ತನಕ ಹೆಗಲು ಬದಲಿಸಲಿಲ್ಲ. ಅದರ ಬಗ್ಗೆ ಮನೆಯಲ್ಲಿ ಆಮೇಲೆ ಯಾರೂ ಮಾತೆತ್ತಿಲ್ಲ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿತು. ನರಗುಂದ ತಾಲೂಕಿನ ಕೊಣ್ಣೂರು, ಲಖಮಾಪುರ, ನಮ್ಮ ಕಡೆ ಹೊಳೆಆಲೂರು, ಮೆಣಸಗಿ, ಎಲ್ಲ ಕಡೆ ನೀರು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಹೊಲದಲ್ಲಿ ಬದುವೇ ಇಲ್ಲ. ಎರಡೂ ಹೊಲದ ಮೇಲೆ ಒಂದೇ ಸಮ ಕೆಸರು ಕೂತಿದೆ. ಸಿನಿಮಾದಲ್ಲಾದರೆ ಅಲ್ಲಿಗೆ ಹಗೆ ಮುಗಿಯಬೇಕು. ಅಯ್ಯು ಗುಳ್ಳರ ಊರಿಗೂ ಕೊನೆಗೆ ನೀರು ನುಗ್ಗುತ್ತದೆ, ಹಗೆ ಅದರಲ್ಲಿ ಕೊಚ್ಚಿ ಹೋಗುತ್ತದೆ. ನಮ್ಮ ಮನೆಯಲ್ಲಿ ಹೊಳೆ ಬದುವನ್ನು ಒಯ್ದಿತು, ಜಗಳವನ್ನು ಬಿಟ್ಟು ಹೋಯಿತು. ಈ ಒಂದು ಕಾರಣಕ್ಕೇ ಆ ಸಿನಿಮಾದ ಕೊನೆಯ ಭಾಗದ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಹೊಳೆ ಬಂದು ಕ್ಷಮೆ ಕೊಡಿಸುವುದಿಲ್ಲ. ಸುವಾರ್ತೆಯಲ್ಲೂ ಹಾಗೆ ಇಲ್ಲ, ನೋಡಿ. ಅಲ್ಲಿ ರಾಜ ಸಾಲ ಬಿಡುವುದು ಊರಿಗೆ ನೀರು ನುಗ್ಗಿತು ಅಂತ ಅಲ್ಲ, ಎದುರಿಗೆ ನಿಂತವನನ್ನು ನೋಡಿ ಕರುಳು ಮಿಡಿಯಿತು ಅಂತ.

ಆ ರಾತ್ರಿಗೆ ಬರುತ್ತೇನೆ. ಗಿರ್ಮಿಟ್ ಮಾಡಿದ್ದೆ, ಮಿರ್ಚಿ ಕರಿದಿದ್ದೆ, ಹುಡುಗರು ಟೀವಿಗೆ ವೈರು ಸಿಕ್ಕಿಸಿ ಸಿನಿಮಾ ಹಚ್ಚಿದರು. ಭಾವನವರು ಕುರ್ಚಿಯ ಮೇಲೆ, ಮೈದುನ ಬಾಗಿಲ ಹತ್ತಿರ ಜಮಖಾನೆಯ ಮೇಲೆ. ಭೂತಯ್ಯ ಸತ್ತ. ಮಗ ಒಬ್ಬನೇ. ಹೆಗಲು ಕೊಡುವವರಿಲ್ಲ. ಕೋಣೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಭಾವನವರು ಎದ್ದರು, ಚಪ್ಪಲಿ ಮೆಟ್ಟಿ ಹಿತ್ತಲಿಗೆ ಹೋದರು. ಮೈದುನ ಕಾಲು ಮಡಚಿ ದಾರಿ ಬಿಟ್ಟ, ತಲೆ ಎತ್ತಲಿಲ್ಲ. ಸಿನಿಮಾ ಮುಗಿಯುವ ತನಕ ಭಾವನವರು ಒಳಗೆ ಬರಲಿಲ್ಲ. ನಾನು ಓದಬೇಕು ಅಂತ ಗುರುತು ಹಾಕಿಟ್ಟ ಅಧ್ಯಾಯವನ್ನು ಅವತ್ತು ಓದಲಿಲ್ಲ. ಪ್ರಾರ್ಥನೆ ಮಾಡಿ ಎಲ್ಲರನ್ನೂ ಮಲಗಲು ಕಳಿಸಿದೆ.

ಮರುದಿನ ಮುಂಜಾನೆ ನಾನು ರೊಟ್ಟಿ ಬಡಿಯುತ್ತಿದ್ದೆ. ಭಾವನವರು ಅಡಿಗೆಮನೆ ಕಟ್ಟೆಯ ಮೇಲೆ ಕೂತು ನನ್ನ ಮಗನನ್ನು ಕೇಳಿದರು.

"ತಮ್ಮಾ, ಕಡೀಕ ಅವರಿಬ್ಬರೂ ಮಾತಾಡ್ತಾರೇನು?"

"ಯಾರ್ರಿ ದೊಡ್ಡಪ್ಪ?"

"ಅದ, ನಿನ್ನೆ ಸಿನಿಮಾದವರು."

"ನೀವ ನೋಡ್ರಿ. ನನ್ನ ಮೊಬೈಲಿನಾಗ ಹಚ್ಚಿ ಕೊಡ್ತೀನಿ."

ಕೊಟ್ಟ. ಅವರು ಪಡಸಾಲೆಯ ಮೂಲೆಯಲ್ಲಿ ಕೂತು, ದನಿ ಸಣ್ಣಗೆ ಇಟ್ಟುಕೊಂಡು ಉಳಿದದ್ದನ್ನು ನೋಡಿದರು. ನೋಡಿ ಏನು ಅಂದರು ಅಂತ ಕೇಳುತ್ತೀರೇನು? ಏನೂ ಅನ್ನಲಿಲ್ಲ. ಚಹಾ ಕುಡಿದು ಊರಿಗೆ ಹೋದರು. ಇವತ್ತಿಗೂ ಅವರಿಬ್ಬರ ಮಾತು ಮದುವೆ ಮುಂಜಿಯಲ್ಲಿ "ಬಂದ್ಯಾ", "ಹೂಂ", ಇಷ್ಟೇ. ಆದರೆ ಹೊಳೆ ಒಯ್ದ ಬದುವನ್ನು ಇಬ್ಬರಲ್ಲಿ ಒಬ್ಬರೂ ಮತ್ತೆ ಹಾಕಿಸಿಲ್ಲ, ಮೋಜಣಿಯವರನ್ನೂ ಕರೆಸಿಲ್ಲ. ಹೆಸರು ಬಿತ್ತುವಾಗ ನಡುವೆ ಎರಡು ಮೊಳ ಇಬ್ಬರೂ ಬಿಟ್ಟರು. ಅಲ್ಲಿ ಹುಲ್ಲು ಬೆಳೆದಿದೆ. ಇಬ್ಬರ ಎತ್ತೂ ಅಲ್ಲೇ ಮೇಯುತ್ತವೆ.

ನರಗುಂದದ ಓದುಗರೇ, ನಿಮ್ಮ ಪ್ರಶ್ನೆಗೆ ನನ್ನಲ್ಲಿರುವ ಉತ್ತರದಲ್ಲಿ ಅರ್ಧ ಇದೇ. ಹತ್ತು ವರ್ಷ ಭಾನುವಾರ ಭಾನುವಾರ ಕೇಳಿದ ಪ್ರಸಂಗಕ್ಕೆ ಕುರ್ಚಿ ಬಿಟ್ಟು ಏಳದವರು ಭೂತಯ್ಯನ ಹೆಣ ನೋಡಿ ಎದ್ದರು. ಪ್ರಸಂಗದಲ್ಲಿ ಮುಂದೆ ಏನು ಬರುತ್ತದೆ ಅಂತ ನಮಗೆ ಮೊದಲೇ ಗೊತ್ತಿರುತ್ತದೆ, ಮೈ ಗಟ್ಟಿ ಮಾಡಿಕೊಂಡು ಕೂತಿರುತ್ತೇವೆ. ಸಿನಿಮಾ ಮುಂದೆ ಕೂತಾಗ ಹಾಗೆ ಕೂಡುವುದಿಲ್ಲ, ಕಾಲು ಚಾಚಿ ಗಿರ್ಮಿಟ್ ತಿನ್ನುತ್ತಿರುತ್ತೇವೆ. ನಾತಾನ ಪ್ರವಾದಿಯೂ ದಾವೀದ ಅರಸನಿಗೆ ಮೊದಲು ಹೇಳಿದ್ದು ಒಂದು ಕುರಿಮರಿಯ ಕತೆ. ನೀನು ತಪ್ಪು ಮಾಡಿದೆ ಅಂತ ಶುರು ಮಾಡಿದ್ದರೆ ಅರಸ ಕೇಳುತ್ತಿದ್ದನೇ?

ಇನ್ನರ್ಧ ಉತ್ತರ: ನೀವು ಹೇಳಿದ ಭಯವೂ ನಿಜ. ಒಳ್ಳೆಯವನಾಗಿ ಕಷ್ಟಪಡುವ ನಾಯಕನನ್ನು ಕಂಡ ಕೂಡಲೇ "ಇವನೇ ಕ್ರಿಸ್ತನ ಹಾಗೆ" ಅನ್ನುವ ಚಟ ನಮ್ಮ ಗುಂಪಿಗೂ ಇದೆ. 'ಬಂಗಾರದ ಮನುಷ್ಯ' ನೋಡಿದಾಗ ಹಾಗೇ ಆಯಿತು. ಮನೆಯವರಿಗಾಗಿ ಬಂಡೆನೆಲ ಉತ್ತ ರಾಜೀವ ಕೊನೆಗೆ ಸಂಶಯದ ಮಾತು ಕೇಳಿ ಊಟದ ಎಲೆ ಬಿಟ್ಟು ಎದ್ದು ಹೋಗುತ್ತಾನೆ. ಎಲ್ಲರೂ ಅತ್ತೆವು. ಆಮೇಲೆ ಲೂಕನ ಹದಿನೈದನೇ ಅಧ್ಯಾಯ ಓದಿದೆವು. ಅಲ್ಲಿ ಅಪ್ಪ ಹಾಗೆ ಎದ್ದು ಹೋಗುವುದಿಲ್ಲ. ಹಬ್ಬದ ಊಟ ಬಿಟ್ಟು ಹೊರಗೆ ಬರುತ್ತಾನೆ, ಸಿಟ್ಟಾಗಿ ಬಾಗಿಲಲ್ಲಿ ನಿಂತ ಹಿರಿಮಗನನ್ನು ಒಳಗೆ ಕರೆಯಲಿಕ್ಕೆ. ಹೋಲಿಕೆಗಿಂತ ವ್ಯತ್ಯಾಸ ಹುಡುಕಿದರೆ ಸಿನಿಮಾಕ್ಕೂ ಮರ್ಯಾದೆ, ಸತ್ಯವೇದಕ್ಕೂ ಮರ್ಯಾದೆ.

ಇಂಗ್ಲಿಷಿನ ದೊಡ್ಡ ಸಿನಿಮಾಗಳು, 'ಬೆನ್-ಹರ್', 'ಟೆನ್ ಕಮಾಂಡ್‌ಮೆಂಟ್ಸ್', ಎಲ್ಲ ನೋಡಿದೆವು. ರಥದ ಓಟ, ಸಮುದ್ರ ಸೀಳುವುದು ಹುಡುಗರಿಗೆ ಖುಷಿ. ಮಾತಿಗೆ ಅಷ್ಟೊಂದು ಸಿಗಲಿಲ್ಲ. 2004ರ 'ಪ್ಯಾಶನ್ ಆಫ್ ದ ಕ್ರೈಸ್ಟ್' ನಾನು ಮತ್ತೆ ಹಚ್ಚುವುದಿಲ್ಲ, ಅಷ್ಟು ರಕ್ತ ನೋಡಿದ ಮೇಲೆ ಮನಸ್ಸು ಮರಗಟ್ಟುತ್ತದೆ. ಅದಕ್ಕಿಂತ 2016ರ ನಮ್ಮ 'ರಾಮಾ ರಾಮಾ ರೇ' ಮೇಲು. ಗಲ್ಲಿಗೆ ಹೋಗಬೇಕಾದವನು ಜೈಲಿನಿಂದ ತಪ್ಪಿಸಿಕೊಂಡು, ಗಲ್ಲಿಗೇರಿಸಬೇಕಾದವನ ಜೀಪಿನಲ್ಲೇ ಕೂತು ಹೋಗುವ ಕತೆ. ನಮ್ಮ ಕಡೆಯಂಥದೇ ಬಯಲು, ಅಂಥದೇ ಬಿಸಿಲು. ಅದನ್ನು ನೋಡಿದ ರಾತ್ರಿ ಹುಡುಗರು ಹನ್ನೊಂದರ ತನಕ ಮನೆಗೆ ಹೋಗಲಿಲ್ಲ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ವ್ಯತ್ಯಾಸದ ಮಾತು ಬಂತಲ್ಲ, 'ಕಸ್ತೂರಿ ನಿವಾಸ' ಹೇಳದೆ ಬಿಡಲಾರೆ. 1971, ದೊರೈ–ಭಗವಾನ್. ಕೊಟ್ಟು ಕೊಟ್ಟು ಬರಿಗೈಯಾದ ರವಿವರ್ಮ. ಮನೆಗೆ ಬಂದವಳಿಗೆ ಊಟ ಹಾಕಲು ಸಾಕಿದ ಪಾರಿವಾಳವನ್ನೂ ಕಳೆದುಕೊಂಡಿರುತ್ತಾನೆ, ಅವಳು ಕೇಳಲು ಬಂದದ್ದೇ ಆ ಪಾರಿವಾಳವನ್ನು. ಇಟಲಿಯ ಬೊಕಾಚಿಯೊ ಹದಿನಾಲ್ಕನೇ ಶತಮಾನದಲ್ಲಿ ಬರೆದ ಗಿಡುಗದ ಕತೆ ಇದನ್ನೇ ಹೋಲುತ್ತದೆ. ಇದನ್ನು ನೋಡಿದಾಗ ಮಂದಿ, ತನ್ನನ್ನೇ ಬರಿದು ಮಾಡಿಕೊಂಡವನು ಅಂತ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ ತೆಗೆದರು. ನಾನು ಒಪ್ಪಲಿಲ್ಲ. ರವಿವರ್ಮನಿಗೆ ಕೊಡಲು ಬರುತ್ತದೆ, ತೆಗೆದುಕೊಳ್ಳಲು ಬರುವುದಿಲ್ಲ. ಬೇರೆಯವರು ಕೊಡಲು ಬಂದರೂ ಅವನ ಕೈ ಮುಂದೆ ಬರುವುದಿಲ್ಲ. ಯೇಸು ಹಾಗಲ್ಲ. ಸಮಾರ್ಯದ ಹೆಂಗಸಿನ ಹತ್ತಿರ ನೀರು ಕೇಳಿದ. ಕತ್ತೆ ಕಡ ತರಿಸಿದ. ಹೆಣ್ಣುಮಕ್ಕಳು ತಮ್ಮ ಗಂಟಿನಿಂದ ಅವನಿಗೂ ಶಿಷ್ಯರಿಗೂ ಉಣ್ಣಿಸಿದರು ಅಂತ ಲೂಕ ಎಂಟನೇ ಅಧ್ಯಾಯದಲ್ಲೇ ಇದೆ. ಮಣ್ಣಾದದ್ದೂ ಇನ್ನೊಬ್ಬರ ಗೋರಿಯಲ್ಲಿ. ಬೇಡಲು ನಾಚಲಿಲ್ಲ.

ಇಷ್ಟು ಮಾತಾಡಿದ ಮೇಲೆ ಕೋಣೆ ಸುಮ್ಮನಾಯಿತು. ನಮ್ಮ ಓಣಿಯ ಅಜ್ಜಿಯೊಬ್ಬರು ತಪ್ಪದೆ ಬರುತ್ತಾರೆ. ಒಬ್ಬರೇ ಇರುವವರು. ಬರುವಾಗ ಸೆರಗಿನಲ್ಲಿ ಒಂದಿಷ್ಟು ಶೇಂಗಾನೋ ಕಡಲೆನೋ ಕಟ್ಟಿಕೊಂಡೇ ಬರುವರು. ಯಾರ ಮನೆಯ ಒಂದು ಹಿಡಿ ಹಿಟ್ಟನ್ನೂ ಮುಟ್ಟಿದವರಲ್ಲ. ಎಷ್ಟು ಸಲ ನಾನು ಕಾಳು ಕಟ್ಟಿ ಕೊಟ್ಟಿದ್ದೇನೋ, ಅಷ್ಟು ಸಲ ಬಾಗಿಲಲ್ಲೇ ಇಟ್ಟು ಹೋಗಿದ್ದಾರೆ. ಅವತ್ತು ಎಲ್ಲರೂ ಹೋದ ಮೇಲೂ ಕೂತಿದ್ದರು. ಎದ್ದು ಕೋಲು ಹಿಡಿದು ಹೊಸ್ತಿಲು ದಾಟುವಾಗ ತಿರುಗಿ ನೋಡದೆ ಅಂದರು:

"ತಂಗೀ, ನಾಳೆ ಹುಡುಗನ ಕೈಯಾಗ ಎರಡು ಸೇರು ಜೋಳ ಕಳಸು. ಕಡ ಅಲ್ಲ. ಹಂಗ ಕಳಸು."